ತೂಗದ ಕಸ, ತುಂಬಿದ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸೀಮೆಯ ಪಟ್ಟಣ ಪಂಚಾಯಿತಿಯೊಂದರ ಘನತ್ಯಾಜ್ಯ ನಿರ್ವಹಣೆಯ ವಾರ್ಷಿಕ ವರದಿ ನನ್ನ ಕೈಗೆ ಬಂದಿತ್ತು. ಮನೆಮನೆಯಿಂದ ಕಸ ಸಂಗ್ರಹ, ನೂರಕ್ಕೆ ನೂರು. ಮೂಲದಲ್ಲಿಯೇ ವಿಂಗಡಣೆ, ನೂರಕ್ಕೆ ನೂರು. ಸಂಸ್ಕರಣೆ, ನೂರಕ್ಕೆ ನೂರು. ಅದೇ ವಾರ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಿತು. ಪಟ್ಟಣದಾಚೆ ಘಾಟಿ ರಸ್ತೆಯ ತಿರುವಿನಲ್ಲಿ ಬೇಸಿಗೆಯುದ್ದಕ್ಕೂ ಯಾರೋ ಸುರಿದಿದ್ದ ಚೀಲಗಳೆಲ್ಲ ಒಡೆದು, ಅದರೊಳಗಿನ ಪ್ಲಾಸ್ಟಿಕ್ ತೊಟ್ಟೆ, ಮಗುವಿನ ಡಯಾಪರು, ಬಾಟಲಿ, ಕೊಳೆತ ಅನ್ನ ಸಮಸ್ತವೂ ಧರೆಯಿಂದಿಳಿದು ಹಳ್ಳ ಸೇರಿದವು. ಆ ಹಳ್ಳಕ್ಕೆ ಕೆಳಗಿನ ಊರಿನವರು ಕಟ್ಟು ಹಾಕಿ ಅಡಿಕೆ ತೋಟಕ್ಕೆ ನೀರು ತಿರುಗಿಸಿಕೊಳ್ಳುತ್ತಾರೆ. ಕಟ್ಟಿನ ಬಾಯಿಗೆ ಸಿಕ್ಕಿಕೊಂಡಿದ್ದ ಕಸವನ್ನು ಅಲ್ಲಿನ ರೈತರೊಬ್ಬರು ಗಳುವಿನಿಂದ ಎಳೆದು ಹಾಕುತ್ತಿದ್ದರು. ವರದಿಯ ಪ್ರಕಾರ ಆ ಕಸ ಇರಲೇ ಇಲ್ಲ.

ವರದಿ ಸಿದ್ಧಪಡಿಸಿದ ಸಿಬ್ಬಂದಿಯನ್ನು ಭೇಟಿಯಾದಾಗ ಅವರು ಸಂಕೋಚವಿಲ್ಲದೆ ನಿಜ ಹೇಳಿದರು. "ಸಾರ್, ತೂಗೋಕೆ ನಮ್ಮಲ್ಲಿ ತಕ್ಕಡೀನೇ ಇಲ್ಲ. ಜನಸಂಖ್ಯೆಗೆ ತಲೆಗಿಷ್ಟು ಅಂತ ಗುಣಿಸಿ ಬರೀತೀವಿ. ನೂರು ಅಂತ ಬರೀದಿದ್ರೆ ಮೇಲಿನಿಂದ ನೋಟಿಸ್ ಬರುತ್ತೆ." ಅವರ ಮೇಲೆ ಕೋಪ ಬರಲಿಲ್ಲ. ನಿಜ ಬರೆದವನಿಗೆ ನೋಟಿಸು, ಸುಳ್ಳು ಬರೆದವನಿಗೆ ಶಾಂತಿ ಎಂಬ ವ್ಯವಸ್ಥೆಯೊಂದರಲ್ಲಿ ಅವರು ಒಂದು ಚಿಕ್ಕ ಮೊಳೆ ಮಾತ್ರ. ಆದರೆ ಈ ಲೆಕ್ಕದ ಸುಳ್ಳು ನಮ್ಮ ಹಳ್ಳಕ್ಕೆ, ತೋಟಕ್ಕೆ, ಬಾವಿಗೆ ಇಳಿಯುವುದರಿಂದ ಅದನ್ನು ಕಚೇರಿಯ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಸ್ಥಳೀಯ ಸಂಸ್ಥೆಯ ಕಸದ ವರದಿ ನಮ್ಮ ಪಹಣಿಯಷ್ಟೇ ಮುಖ್ಯವಾದ ಕಾಗದವೆಂದೂ, ಅದನ್ನು ಓದುವ, ಪ್ರಶ್ನಿಸುವ ಅಭ್ಯಾಸ ಪ್ರತಿ ಊರಿನಲ್ಲಿಯೂ ಬೆಳೆಯಬೇಕೆಂದೂ ಹೇಳುವುದಕ್ಕಾಗಿ ಈ ಸಂಚಿಕೆಯ ಸಂಪಾದಕೀಯವನ್ನು ಮೀಸಲಿಟ್ಟಿದ್ದೇವೆ.

ವರದಿ ನೀಡಬೇಕೆಂಬ ಕಟ್ಟಳೆ ಹೊಸತಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಫಲವಾಗಿ 2000ನೇ ಇಸವಿಯಲ್ಲಿ ದೇಶಕ್ಕೆ ಮೊದಲ ಬಾರಿ ಪೌರ ಘನತ್ಯಾಜ್ಯ ನಿಯಮಗಳು ಬಂದವು. 2016ರಲ್ಲಿ ಅವುಗಳ ಜಾಗಕ್ಕೆ ಇನ್ನಷ್ಟು ವಿಸ್ತಾರವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಆ ನಿಯಮಗಳು ವರದಿಗೊಂದು ಏಣಿಯನ್ನೇ ಕಟ್ಟಿದ್ದವು. ಸಂಸ್ಕರಣಾ ಘಟಕ ನಡೆಸುವವರು ಏಪ್ರಿಲ್ 30ರೊಳಗೆ ಸ್ಥಳೀಯ ಸಂಸ್ಥೆಗೆ ವರದಿ ಕೊಡಬೇಕು. ಸ್ಥಳೀಯ ಸಂಸ್ಥೆ ಜೂನ್ 30ರೊಳಗೆ ಪೌರಾಡಳಿತ ಇಲಾಖೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಬೇಕು. ರಾಜ್ಯ ಮಂಡಳಿ ಜುಲೈ 31ರೊಳಗೆ ಕೇಂದ್ರ ಮಂಡಳಿಗೆ, ಕೇಂದ್ರ ಮಂಡಳಿ ಆಗಸ್ಟ್ 31ರೊಳಗೆ ಕೇಂದ್ರ ಸರ್ಕಾರಕ್ಕೆ ಸಲ್ಲಿಸಬೇಕು. ಅದೇ ವರ್ಷದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮ ಪಂಚಾಯಿತಿಗಳನ್ನೂ ಈ ಹೊಣೆಯೊಳಗೆ ತಂದವು. 2026ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ 2016ರ ಘನತ್ಯಾಜ್ಯ ನಿಯಮಗಳನ್ನು ಬದಲಿಸಿ, 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ನಿಯಮಗಳನ್ನು ಪ್ರಕಟಿಸಿತು. ಹಸಿ ಕಸ, ಒಣ ಕಸ, ನೈರ್ಮಲ್ಯ ಕಸ, ವಿಶೇಷ ಎಚ್ಚರ ಬೇಕಾದ ಕಸ ಎಂದು ನಾಲ್ಕು ಬಗೆಯ ವಿಂಗಡಣೆಯನ್ನೂ, ದೇಶಕ್ಕೆಲ್ಲ ಒಂದೇ ಆನ್‌ಲೈನ್ ತಾಣದಲ್ಲಿ ಕಸದ ಜಾಡು ಹಿಡಿಯುವ ವ್ಯವಸ್ಥೆಯನ್ನೂ ಅವು ವಿಧಿಸಿವೆ.

ಇವೆಲ್ಲ ಸ್ವಾಗತಾರ್ಹವೇ. ಆದರೆ ಏಣಿಯ ಕೆಳಗಿನ ಮೆಟ್ಟಿಲು ಲಡ್ಡಾಗಿದ್ದರೆ ಮೇಲಿನ ಮೆಟ್ಟಿಲುಗಳಿಗೆ ಬಣ್ಣ ಬಳಿದು ಪ್ರಯೋಜನವಿಲ್ಲ. ಪಟ್ಟಣ ಪಂಚಾಯಿತಿಯ ಮೇಜಿನ ಮೇಲೆ ಊಹಿಸಿ ಬರೆದ ಅಂಕಿ ಬೆಂಗಳೂರಿಗೆ ಹೋಗಿ ರಾಜ್ಯದ ಮೊತ್ತವಾಗುತ್ತದೆ, ದೆಹಲಿಗೆ ಹೋಗಿ ದೇಶದ ಮೊತ್ತವಾಗುತ್ತದೆ. ಮೇಲೆ ಹೋದಂತೆಲ್ಲ ಅದಕ್ಕೆ ಗೌರವ ಹೆಚ್ಚುತ್ತದೆಯೇ ಹೊರತು ಸತ್ಯ ಹೆಚ್ಚುವುದಿಲ್ಲ. ಆನ್‌ಲೈನ್ ತಾಣವೂ ನಾವು ಒತ್ತಿದ ಅಂಕಿಯನ್ನೇ ನುಂಗುತ್ತದೆ.

ಇಷ್ಟಾದರೂ ದೇಶದ ಮೊತ್ತವು ತನ್ನ ಹುಳುಕನ್ನು ಪೂರ್ತಿ ಮುಚ್ಚಿಡಲಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ನೇ ಸಾಲಿನ ವಾರ್ಷಿಕ ವರದಿಯನ್ನು ನೋಡಿ. ದೇಶದಲ್ಲಿ ದಿನಕ್ಕೆ ಹುಟ್ಟುವ ಘನತ್ಯಾಜ್ಯ 1,60,038.9 ಟನ್. ಸಂಗ್ರಹವಾಗುವುದು 1,52,749.5 ಟನ್. ಸಂಸ್ಕರಣೆಗೊಳ್ಳುವುದು 79,956.3 ಟನ್, ಅಂದರೆ ಅರ್ಧದಷ್ಟು. ನೆಲಭರ್ತಿಗೆ ಹೋಗುವುದು 29,427.2 ಟನ್. ಉಳಿದ 50,655.4 ಟನ್, ಅಂದರೆ ನೂರಕ್ಕೆ 31.7ರಷ್ಟು, ಲೆಕ್ಕಕ್ಕೇ ಸಿಗದ ಕಸ. ಇದು ಯಾವ ಚಳವಳಿಗಾರನ ಆರೋಪವೂ ಅಲ್ಲ, ಮಂಡಳಿಯದೇ ಅಂಕಿ. ಈ ಲೆಕ್ಕದಲ್ಲಿ ಇನ್ನೊಂದು ಕಳೆಯುವ ಲೆಕ್ಕ ಅಡಗಿದೆ. ಶಾಲೆಯ ಮಕ್ಕಳೂ ಮಾಡಬಹುದು. ಸಂಗ್ರಹವೇ ಆಗದ ಕಸ ದಿನಕ್ಕೆ ಸುಮಾರು 7,300 ಟನ್ ಮಾತ್ರ. ಹಾಗಾದರೆ ಲೆಕ್ಕಕ್ಕೆ ಸಿಗದ ಕಸದಲ್ಲಿ 43 ಸಾವಿರ ಟನ್ನಿಗೂ ಹೆಚ್ಚು ಭಾಗವು ಪೌರಕಾರ್ಮಿಕರ ಕೈಯಿಂದ ಗಾಡಿಗೆ ಏರಿದ ಕಸ. ಮನೆಬಾಗಿಲಿನಿಂದ ಹೊರಟದ್ದು ನಿಜ. ತಲುಪಿದ್ದೆಲ್ಲಿಗೆ ಎಂಬುದಕ್ಕೆ ದಾಖಲೆ ಇಲ್ಲ. ಬಯಲುಸೀಮೆಯಲ್ಲಿ ಅದು ಕೆರೆಯಂಗಳಕ್ಕೆ ಹೋಗಿರಬಹುದು. ನಮ್ಮಲ್ಲಿ ಅದಕ್ಕಿರುವ ಸುಲಭದ ದಾರಿ ಘಾಟಿಯ ತಿರುವು.

ಸುಳ್ಳು ಅಂಕಿ ಹುಟ್ಟುವ ಬಗೆಯನ್ನು ತಿಳಿಯದೆ ಅದನ್ನು ಹಿಡಿಯಲಾಗದು. ಮೊದಲನೆಯ ಬಗೆ ಗುಣಾಕಾರದ್ದು. ಹತ್ತು ಸಾವಿರ ಜನರಿರುವ ಊರಿಗೆ ತಲೆಗೆ 300 ಗ್ರಾಂ ಎಂದು ಹಿಡಿದರೆ ದಿನಕ್ಕೆ ಮೂರು ಟನ್, ವರ್ಷಕ್ಕೆ 1,095 ಟನ್. ಲೆಕ್ಕ ಅಂದವಾಗಿದೆ. ಆದರೆ ಅದರಲ್ಲಿ ಜಾತ್ರೆಯ ದಿನವಿಲ್ಲ, ಶನಿವಾರ ಭಾನುವಾರ ಹೋಂಸ್ಟೇಗಳಿಗೆ ನುಗ್ಗುವ ಪ್ರವಾಸಿಗರಿಲ್ಲ, ಮದುವೆಯ ತಿಂಗಳಿಲ್ಲ. ಎರಡನೆಯ ಬಗೆ ಗಾಡಿಯ ಸುತ್ತು ಎಣಿಸುವುದು. ಗಾಡಿ ಎಷ್ಟು ಬಾರಿ ಹೋಯಿತೋ ಅಷ್ಟು ಬಾರಿಯೂ ತುಂಬಿಯೇ ಹೋಯಿತೆಂದು ಭಾವಿಸಿ ಬರೆಯುವುದು. ಮೂರನೆಯದು ಹೆಚ್ಚು ಸೂಕ್ಷ್ಮ. ಘಟಕದ ಗೇಟಿನೊಳಗೆ ಬಂದ ಕಸವನ್ನೆಲ್ಲ 'ಸಂಸ್ಕರಿಸಿದ್ದು' ಎಂದು ಬರೆಯುವುದು. ಒಳಗೆ ಬಂದದ್ದು ಗೊಬ್ಬರವಾಯಿತೋ, ಮೂಲೆಯಲ್ಲಿ ಕೊಳೆಯಿತೋ, ರಾತ್ರಿ ಬೆಂಕಿಗೆ ಬಿದ್ದಿತೋ ಕೇಳುವವರಿಲ್ಲ.

ಮೂರನೆಯದನ್ನು ಪತ್ತೆಹಚ್ಚಲು ಕೃಷಿವಿಜ್ಞಾನದ ಸರಳ ಲೆಕ್ಕವೊಂದು ಸಾಕು. ಗೊಬ್ಬರ ಗುಂಡಿ ಮಾಡಿದ ಪ್ರತಿ ರೈತನಿಗೂ ಇದರ ಅನುಭವವಿದೆ. ನೂರು ಕಿಲೋ ಹಸಿ ಕಸದಲ್ಲಿ ಸುಮಾರು 70 ಕಿಲೋ ನೀರೇ ಇರುತ್ತದೆನ್ನೋಣ. ಉಳಿದ 30 ಕಿಲೋ ಒಣಪದಾರ್ಥದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ. ಉಳಿದದ್ದು 15 ಕಿಲೋ. ಅದಕ್ಕೆ ಗೊಬ್ಬರದಲ್ಲಿರಬೇಕಾದ ತೇವಾಂಶ ಸೇರಿದರೆ ಸುಮಾರು 20 ಕಿಲೋ. ಅಂದರೆ ಐದರಲ್ಲಿ ಒಂದು ಪಾಲು. ಒಂದು ಪಟ್ಟಣ ವರ್ಷಕ್ಕೆ 500 ಟನ್ ಹಸಿ ಕಸವನ್ನು ಗೊಬ್ಬರ ಮಾಡಿದೆನೆಂದು ವರದಿ ಮಾಡಿದರೆ, ಹೆಚ್ಚುಕಡಿಮೆ 100 ಟನ್ ಗೊಬ್ಬರ ಎಲ್ಲಿಯೋ ಇರಬೇಕು, ಯಾರೋ ಒಯ್ದಿರಬೇಕು, ರಸೀದಿ ಇರಬೇಕು. ಒಣ ಕಸಕ್ಕೂ ಇದೇ ನ್ಯಾಯ. ಮರುಬಳಕೆಗೆ ಹೋಯಿತೆಂದರೆ ಗುಜರಿಯವರ ಅಥವಾ ಮರುಬಳಕೆ ಘಟಕದವರ ತೂಕದ ಚೀಟಿ ತೋರಿಸಬೇಕು. ಗೊಬ್ಬರವೂ ಇಲ್ಲ, ಚೀಟಿಯೂ ಇಲ್ಲವೆಂದರೆ ವರದಿಯ ನೂರು ಎಂಬುದು ಸೊನ್ನೆಯ ಹಿಂದೆ ಅಡಗಿ ಕುಳಿತ ಸೊನ್ನೆ.

ಇದು ಬರಿಯ ಅಂಕಿಗಳ ಜಗಳವಲ್ಲವೆಂಬುದಕ್ಕೆ 2019ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಆ ತಿಂಗಳ ಭಾರಿ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ, ಕೆಳಗಿನ ಮಂದಾರದ ಮೇಲೆ ಹರಿದುಬಂದಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ತಲೆಮಾರುಗಳ ತೋಟ ಕೆಲವೇ ದಿನಗಳಲ್ಲಿ ನಗರದ ತಿಪ್ಪೆಯಾಯಿತು. ಅಷ್ಟು ದೊಡ್ಡ ಗುಡ್ಡ ಒಂದು ರಾತ್ರಿಯಲ್ಲಿ ಬೆಳೆದದ್ದಲ್ಲ. ಸಂಸ್ಕರಣೆಯಾಗದ ಪ್ರತಿದಿನದ ಕಸ ವರ್ಷಾನುಗಟ್ಟಲೆ ಅಲ್ಲಿ ಸೇರುತ್ತಲೇ ಇತ್ತು. ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂಬ ವ್ಯತ್ಯಾಸವನ್ನು ವರ್ಷ ವರ್ಷವೂ ಕೂಡುತ್ತ ಹೋದರೆ ಸಿಗುವ ಮೊತ್ತವೇ ಆ ಗುಡ್ಡದ ಎತ್ತರ. ಇಳಿಜಾರಿನಲ್ಲಿ ಬದುಕುವ ನಮಗೆ ಆ ವ್ಯತ್ಯಾಸದ ಅರ್ಥ ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿಯಬೇಕು. ಮುಂದೆ 2022ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಘನ ಮತ್ತು ದ್ರವ ತ್ಯಾಜ್ಯ ನಿರ್ವಹಣೆಯ ಲೋಪಕ್ಕಾಗಿ ಕರ್ನಾಟಕದ ಮೇಲೆ 2,900 ಕೋಟಿ ರೂಪಾಯಿಗಳ ಪರಿಹಾರದ ಹೊಣೆ ಹೊರಿಸಿತು. ಕಾಗದದಲ್ಲಿ ಎಲ್ಲವೂ ಸರಿಯಿದ್ದರೆ ಇಂಥ ಆದೇಶಕ್ಕೆ ಕಾರಣವೇ ಇರುತ್ತಿರಲಿಲ್ಲ.

ಗುಡ್ಡಗಾಡಿನ ವಿಶೇಷ ಸ್ಥಿತಿಯನ್ನು ಕಾನೂನು ಗುರುತಿಸಿಲ್ಲವೆಂದೇನೂ ಅಲ್ಲ. 2016ರ ನಿಯಮಗಳಲ್ಲಿ 20ನೆಯ ನಿಯಮವು ಗುಡ್ಡಗಾಡು ಪ್ರದೇಶಗಳಿಗೆಂದೇ ಇತ್ತು. ಗುಡ್ಡದ ಮೇಲೆ ನೆಲಭರ್ತಿ ನಿರ್ಮಿಸಬಾರದು. ಸಂಸ್ಕರಣೆಯ ನಂತರ ಉಳಿದದ್ದನ್ನು ಮುಚ್ಚಿದ ಜಾಗದಲ್ಲಿ ಕೂಡಿಡಬೇಕು. ಗುಡ್ಡದ ಕೆಳಗೆ 25 ಕಿಲೋಮೀಟರಿನೊಳಗಿನ ಬಯಲಿನಲ್ಲಿ ನೆಲಭರ್ತಿಗೆ ಜಾಗ ಹುಡುಕಬೇಕು. ಬರುವ ಪ್ರವಾಸಿಗರಿಗೆ ಪ್ರವೇಶದಲ್ಲಿಯೇ ನಿಯಮ ತಿಳಿಸಬೇಕು, ಶುಲ್ಕವನ್ನೂ ವಿಧಿಸಬಹುದು ಎಂದು ಅದು ಹೇಳಿತ್ತು. 2026ರ ನಿಯಮಗಳೂ ಪ್ರವಾಸಿಗರಿಂದ ಶುಲ್ಕ ಪಡೆಯುವ, ಕಸ ನಿಭಾಯಿಸುವ ಶಕ್ತಿಯನ್ನು ನೋಡಿ ಪ್ರವಾಸಿಗರ ಒಳಹರಿವನ್ನು ಮಿತಿಗೊಳಿಸುವ ಅವಕಾಶವನ್ನು ಗುಡ್ಡಗಾಡಿನ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿವೆ. ಒಳ್ಳೆಯದು. ಆದರೆ ನಮ್ಮ ಶಕ್ತಿ ಎಷ್ಟೆಂದು ಹೇಳಲು ಮೊದಲು ನಮ್ಮ ಕಸ ಎಷ್ಟೆಂದು ತಿಳಿದಿರಬೇಕಲ್ಲವೇ? ನೂರಕ್ಕೆ ನೂರು ನಿಭಾಯಿಸುತ್ತಿದ್ದೇವೆಂದು ಪ್ರತಿವರ್ಷ ಬರೆದುಕೊಟ್ಟ ಪಂಚಾಯಿತಿ, ಇನ್ನು ಸಾಕು, ಇಷ್ಟು ಗಾಡಿಗಳು ನಮ್ಮ ಗುಡ್ಡಕ್ಕೆ ಬೇಡ ಎಂದು ಯಾವ ಬಾಯಿಂದ ಹೇಳೀತು? ಸುಳ್ಳು ವರದಿಯು ನಮ್ಮ ಕೈಯಲ್ಲಿರುವ ಹಕ್ಕನ್ನೇ ಕಿತ್ತುಕೊಳ್ಳುತ್ತದೆ. ಜೊತೆಗೆ ನೀತಿಯ ಪ್ರಶ್ನೆಯೊಂದೂ ಇದೆ. ಕೆಳಗಿನ ಬಯಲಿನ ಊರೂ ಯಾರದೋ ಊರೇ. ನಮ್ಮಲ್ಲಿ ಉಳಿದದ್ದನ್ನು ಅವರಲ್ಲಿಗೆ ಕಳಿಸುವ ಮುನ್ನ, ಅದು ಎಷ್ಟು ಮತ್ತು ಏಕೆ ಉಳಿಯಿತು ಎಂಬ ಲೆಕ್ಕವನ್ನು ಅವರಿಗೆ ಒಪ್ಪಿಸುವುದು ನಮ್ಮ ಧರ್ಮ.

ಪಂಚಾಯಿತಿಯ ಕಡೆ ಬೆರಳು ತೋರಿಸಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮಲೆನಾಡಿನ ಎಷ್ಟೋ ಮನೆಗಳ ಕಸ ಯಾವ ವರದಿಗೂ ಬರುವುದಿಲ್ಲ, ಏಕೆಂದರೆ ಅದು ಬಚ್ಚಲ ಒಲೆಗೆ ಹೋಗುತ್ತದೆ. ಹಾಲಿನ ಪ್ಯಾಕೆಟ್ಟು, ಬಿಸ್ಕತ್ತಿನ ಹೊದಿಕೆ, ಹರಿದ ಪೈಪಿನ ತುಂಡು ಎಲ್ಲವೂ ಹಂಡೆಯ ನೀರು ಕಾಯಿಸಲು ಉರಿಯುತ್ತವೆ. ಕಸವೂ ಮುಗಿಯಿತು, ನೀರೂ ಕಾಯಿತು ಎಂಬ ಸಮಾಧಾನ. ಆ ಹೊಗೆಯನ್ನು ಮೊದಲು ಸೇವಿಸುವವರು ಬೆಳಗಿನ ಜಾವ ಒಲೆ ಹೊತ್ತಿಸುವ ನಮ್ಮ ತಾಯಂದಿರು. ಪಿವಿಸಿ ಪೈಪಿನಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ಕನ್ನು ಹೀಗೆ ಕಡಿಮೆ ಶಾಖದಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷಗಳು ಹುಟ್ಟುತ್ತವೆ. ಬೂದಿ ಎಲ್ಲಿಗೆ ಹೋಗುತ್ತದೆ? ನಮ್ಮ ಹಿರಿಯರ ಕಾಲದಿಂದ ಹೋಗುತ್ತಿದ್ದಲ್ಲಿಗೇ, ಗೊಬ್ಬರ ಗುಂಡಿಗೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಅಂದು ಸೌದೆಯ ಬೂದಿ ತೋಟಕ್ಕೆ ಪೊಟ್ಯಾಷ್ ಕೊಡುತ್ತಿತ್ತು. ಇಂದಿನ ಬೂದಿಯಲ್ಲಿ ಬಣ್ಣದ, ಪ್ಲಾಸ್ಟಿಕ್ಕಿನ ಭಾರಲೋಹಗಳೂ ಸೇರಿವೆ. ಪಟ್ಟಣದ ಕಸದ ಗೊಬ್ಬರಕ್ಕೆ ರಸಗೊಬ್ಬರ ನಿಯಂತ್ರಣ ಆದೇಶವು ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದೆ. ನಮ್ಮ ಮನೆಯ ಗುಂಡಿಗೆ ಮಿತಿ ಹಾಕುವವರು ನಾವೇ. ಕೀಟನಾಶಕ, ಕಳೆನಾಶಕಗಳ ಖಾಲಿ ಬಾಟಲಿಗಳನ್ನು ತೋಟದ ಕಾದಿಗೆಗೆ ಎಸೆಯುವ ಅಭ್ಯಾಸಕ್ಕೂ ಇದೇ ಮಾತು. ಮನೆಯಲ್ಲಿ ಸುಟ್ಟದ್ದನ್ನೂ ಎಸೆದದ್ದನ್ನೂ ಮುಚ್ಚಿಟ್ಟು ಪಂಚಾಯಿತಿಯಿಂದ ಸತ್ಯವನ್ನು ಕೇಳುವ ಅಧಿಕಾರ ನಮಗೆ ಬಾರದು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ತಕ್ಕಡಿ. ಲಕ್ಷಾಂತರ ರೂಪಾಯಿಯ ಘಟಕ, ಗಾಡಿ, ಫಲಕಗಳಿಗೆ ಹಣವಿರುವಾಗ ಒಂದು ತೂಕದ ಯಂತ್ರಕ್ಕೂ ದಿನಚರಿ ಪುಸ್ತಕಕ್ಕೂ ಹಣವಿಲ್ಲವೆಂಬುದನ್ನು ನಂಬಲಾಗದು. ಬಂದ ಕಸ, ಅದರಲ್ಲಿ ಹಸಿ ಎಷ್ಟು, ಒಣ ಎಷ್ಟು, ಹೊರಗೆ ಹೋದದ್ದೆಷ್ಟು, ಎಲ್ಲಿಗೆ, ಉಳಿದದ್ದೆಷ್ಟು ಎಂಬ ಕಲಮುಗಳನ್ನು ಗಾಡಿಯವರೇ ಅಂದಂದೇ ತುಂಬಬೇಕು. ಮಳೆಗಾಲದಲ್ಲಿ ಕಸ ನೆನೆದು ತೂಕ ಹೆಚ್ಚುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಆದ್ದರಿಂದ ವರ್ಷದಲ್ಲೊಂದು ದಿನ ತೂಗಿ 365ರಿಂದ ಗುಣಿಸುವುದು ಸಲ್ಲದು. ತಿಂಗಳ ಮೊತ್ತವನ್ನು ಪಂಚಾಯಿತಿ ಕಟ್ಟೆಯ ಫಲಕದಲ್ಲಿ ಬರೆಯಬೇಕು.

ಎರಡನೆಯದು ಸಭೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದು ನಮ್ಮ ಪಂಚಾಯತ್ ರಾಜ್ ಕಾನೂನು. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಚರಂಡಿಯ ಬಿಲ್ಲು, ದಾರಿದೀಪದ ಬಿಲ್ಲು ಓದುವ ಕಡೆ ಕಸದ ಪುಸ್ತಕವನ್ನೂ ಗಟ್ಟಿಯಾಗಿ ಓದಲಿ. ಆಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಈ ಅಂಕಿ ತೂಗಿದ್ದೋ, ಊಹಿಸಿದ್ದೋ? ಒಣ ಕಸ ಯಾರಿಗೆ ಹೋಯಿತು, ಚೀಟಿ ಎಲ್ಲಿ? ಗೊಬ್ಬರ ಎಷ್ಟಾಯಿತು, ಯಾರು ಒಯ್ದರು, ಪರೀಕ್ಷೆಯಾಗಿದೆಯೇ? ಉಳಿದ ಕಸ ಈಗ ಎಲ್ಲಿದೆ, ಅದರ ಕೆಳಗೆ ಹರಿಯುವ ನೀರು ಯಾರದು? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಹತ್ತು ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಆ ಕಾನೂನು ಕಾಗದದ ನಕಲು ಪಡೆಯುವ ಹಕ್ಕನ್ನಷ್ಟೇ ಅಲ್ಲದೆ ಕಾಮಗಾರಿಯನ್ನು ಪರಿಶೀಲಿಸುವ, ವಸ್ತುವಿನ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆಯೆಂಬುದು ಬಹಳ ಜನರಿಗೆ ತಿಳಿದಿಲ್ಲ. ಘಟಕದ ಗೊಬ್ಬರದ ಒಂದು ಕಿಲೋ ಮಾದರಿಯನ್ನು ಕೇಳಿ ಪಡೆದು ಪ್ರಯೋಗಾಲಯಕ್ಕೆ ಕಳಿಸಬಹುದು.

ಮೂರನೆಯದು ವಿದ್ಯಾರ್ಥಿಗಳ ಪಾಲು. ಪ್ರೌಢಶಾಲೆ, ಕಾಲೇಜುಗಳ ಗೆಳೆಯರು ತಮ್ಮ ಕೇರಿಯ ಹತ್ತು ಮನೆಗಳ ಕಸವನ್ನು ಒಂದು ವಾರ ತೂಗಲಿ, ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಮನೆಯಲ್ಲಿ ಸುಟ್ಟದ್ದನ್ನೂ ನಾಚದೆ ಬರೆದುಕೊಳ್ಳಲಿ. ತಮ್ಮ ಲೆಕ್ಕವನ್ನು ಪಂಚಾಯಿತಿಯ ಲೆಕ್ಕದ ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಓದಲಿ. ಇದಕ್ಕೆ ಸ್ಪ್ರಿಂಗ್ ತಕ್ಕಡಿ, ನೋಟುಪುಸ್ತಕ, ಕೈಗವಸು ಇವಿಷ್ಟೇ ಸಾಕು.

ಒಂದು ಎಚ್ಚರಿಕೆಯ ಮಾತು. ಯಾವುದಾದರೂ ಪಂಚಾಯಿತಿ ಧೈರ್ಯ ಮಾಡಿ, ನಮ್ಮಲ್ಲಿ ವಿಂಗಡಣೆ ನೂರಕ್ಕೆ ನಲವತ್ತು ಮಾತ್ರ, ಇಷ್ಟು ಟನ್ ಕಸ ಹಳ್ಳದ ಪಕ್ಕ ಬಿದ್ದಿದೆ ಎಂದು ಬರೆದರೆ, ಅದನ್ನು ಹಿಡಿದು ಹೀಯಾಳಿಸುವ ಕೆಲಸವನ್ನು ನಾವು ಮಾಡಬಾರದು. ಮೇಲಧಿಕಾರಿಗಳೂ ಮಾಡಬಾರದು. ಆ ನಲವತ್ತು, ಸುಳ್ಳಿನ ನೂರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಅದರ ಮೇಲೆ ಮುಂದಿನ ವರ್ಷದ ಐವತ್ತನ್ನು ಕಟ್ಟಬಹುದು. ಗ್ರಾಮ ಪಂಚಾಯಿತಿಗಳ ಕಸದ ಗಾಡಿಗಳನ್ನು ಓಡಿಸುತ್ತಿರುವವರು, ಘಟಕಗಳಲ್ಲಿ ಕೈಯಿಂದ ಕಸ ಬೇರ್ಪಡಿಸುತ್ತಿರುವವರು ಅನೇಕ ಕಡೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಸುಳ್ಳು ವರದಿ ಅವರ ಶ್ರಮಕ್ಕೂ ಅಪಚಾರ. ವಿಂಗಡಣೆ ಪೂರ್ಣವಾಗಿದೆಯೆಂದು ಕಾಗದ ಹೇಳಿದ ಮೇಲೆ ಅವರಿಗೆ ಇನ್ನೊಬ್ಬ ಸಹಾಯಕಿ, ಕೈಗವಸು, ಸರಿಯಾದ ಸಂಬಳ ಏತಕ್ಕೆ ಬೇಕು ಎಂದು ಕೇಳುವುದು ಸುಲಭವಾಗುತ್ತದೆ.

ಮಿತ್ರರೇ, ಕಾಡು, ಹೊಳೆಗಳ ಪ್ರಶ್ನೆ ಬಂದಾಗಲೆಲ್ಲ ನಾವು ಸರ್ಕಾರದ ಯೋಜನಾ ವರದಿಗಳನ್ನು ಬೇಡಿ ತರಿಸಿ, ಸಾಲು ಸಾಲಾಗಿ ಓದಿ, ತಪ್ಪು ಅಂಕಿಗಳನ್ನು ಎತ್ತಿ ತೋರಿಸಿದವರು. ನಮ್ಮ ಮನೆಯಿಂದಲೇ ಹೊರಡುವ ಕಸದ ವಿಷಯದಲ್ಲಿ ಆ ಎಚ್ಚರ ತಪ್ಪಿದೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಂದ ಉತ್ತರ, ಬಾರದ ಉತ್ತರ ಎರಡನ್ನೂ ನಮಗೆ ಬರೆದು ಕಳಿಸಿ. ಸತ್ಯವಾಗಿ ತೂಗಿದ ಪಂಚಾಯಿತಿಯ ಲೆಕ್ಕವನ್ನು, ಅದು ಎಷ್ಟೇ ಕಡಿಮೆಯಿರಲಿ, ಈ ಪತ್ರಿಕೆಯಲ್ಲಿ ಗೌರವದಿಂದ ಪ್ರಕಟಿಸುತ್ತೇವೆ. ಹಳ್ಳದ ಕಟ್ಟಿನಲ್ಲಿ ಗಳು ಹಿಡಿದು ನಿಂತಿದ್ದ ಆ ರೈತರಿಗೆ ನಾವು ಕೊಡಬೇಕಾದ ಲೆಕ್ಕ ಇನ್ನೂ ಬಾಕಿಯಿದೆ.